ಹಳೇ ಮ್ಯಾಸಿ 1035ರ ಸೆಲ್ಫ್ ಮೋಟರ್ ರಿಪೇರಿ ಮಾಡಿಸಿದ ಕಥೆ

ಬಿತ್ತನೆ ಮೈಮೇಲೆ ಬಂದಿರುವಾಗ ಟ್ರ್ಯಾಕ್ಟರ್ ಸೆಲ್ಫ್ ತಗೊಳ್ಳದಿದ್ದರೆ ಎಷ್ಟು ಹಿಂಸೆ ಆಗುತ್ತದೆ ಅನ್ನುವುದು ಪಟ್ಟವರಿಗೇ ಗೊತ್ತು. ನಮ್ಮದು ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿ. ಮೆಕ್ಕೆಜೋಳ, ಹತ್ತಿ ಬೆಳೆಯುವ ಮಳೆಯಾಶ್ರಿತ ಹೊಲ. ಮನೆಯಲ್ಲಿರುವುದು ಅಪ್ಪ 1998ರಲ್ಲಿ ತಂದ ಮ್ಯಾಸಿ ಫರ್ಗುಸನ್ 1035, ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್. ಎಂಜಿನ್ ಈಗಲೂ ಚೆನ್ನಾಗಿದೆ, ಹೊಗೆ ಇಲ್ಲ, ಆಯಿಲ್ ತಿನ್ನುವುದಿಲ್ಲ. ಕೈಕೊಟ್ಟಿದ್ದು ಸೆಲ್ಫ್ ಮೋಟರ್, ಅಂದರೆ ಕೀ ತಿರುಗಿಸಿದಾಗ ಬ್ಯಾಟರಿ ಕರೆಂಟಿನಿಂದ ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್. ಅದನ್ನು ಬಿಚ್ಚಿಸಿ, ಒಳಗಿನ ಸಾಮಾನು ಬದಲಿಸಿ, ಮತ್ತೆ ಕೂರಿಸುವ ತನಕ ನಡೆದಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ನಾನು ವಿಚಾರಿಸಿದ ಹತ್ತು ಜನ ಹತ್ತು ಥರ ಹೇಳಿದರು. ಬಹಳಷ್ಟು ಜನ ಹೇಳಿದ್ದು ಒಂದೇ ಮಾತು: "ಹೊಸಾದು ಹಾಕ್ಸಿ ಬಿಡ್ರಿ." ಹೊಸದು ಬೇಕಾಗಿರಲಿಲ್ಲ. ಅದನ್ನೇ ಹೇಳಬೇಕು ನನಗೆ.

ಶುರುವಾಗಿದ್ದು ಬೇಸಿಗೆಯಲ್ಲಿ. ಬೆಳಿಗ್ಗೆ ತಣ್ಣಗಿದ್ದಾಗ ಹೇಗೋ ಸ್ಟಾರ್ಟ್ ಆಗುತ್ತಿತ್ತು, ಸ್ವಲ್ಪ ನಿಧಾನವಾಗಿ ತಿರುಗಿ, ಕೆಮ್ಮಿ, ಹತ್ತಿಕೊಳ್ಳುತ್ತಿತ್ತು. ಆದರೆ ಎರಡು ತಾಸು ಕೆಲಸ ಮಾಡಿ ಬಂದ್ ಮಾಡಿದರೆ ಮುಗಿಯಿತು. ಕೀ ತಿರುಗಿಸಿದರೆ "ಟಕ್" ಅಂತ ಒಂದೇ ಶಬ್ದ. ಎಂಜಿನ್ ಅಲ್ಲಾಡುವುದಿಲ್ಲ. ಅರ್ಧ ತಾಸು ಬಿಟ್ಟು ನೋಡಿದರೆ ಮತ್ತೆ ತಿರುಗುತ್ತಿತ್ತು. ಇದರಿಂದ ಏನಾಯಿತು ಅಂದರೆ ಹೊಲದಲ್ಲಿ ಊಟಕ್ಕೆ ಕೂತರೂ ಎಂಜಿನ್ ಬಂದ್ ಮಾಡುವ ಧೈರ್ಯ ಇಲ್ಲ. ಸುಮ್ನೆ ನಿಂತಲ್ಲೇ ಓಡುತ್ತಿತ್ತು. ಲೀಟರಿಗೆ 90 ರೂಪಾಯಿ ದಾಟಿರುವ ಡೀಸೆಲ್ ಹಾಗೇ ಉರಿಯುವುದನ್ನು ನೋಡುತ್ತಾ ರೊಟ್ಟಿ ತಿನ್ನುವುದು ಗಂಟಲಲ್ಲಿ ಇಳಿಯುವುದಿಲ್ಲ. ಸಂಜೆ ಮನೆಗೆ ಬಂದರೆ ಇಳಿಜಾರು ಹುಡುಕಿ ನಿಲ್ಲಿಸಬೇಕು. ಇಳಿಜಾರು ಸಿಗದಿದ್ದರೆ ಪಕ್ಕದ ಮನೆ ಕಾಕಾನ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಸಬೇಕು. ಕಾಕಾ ಒಂದು ದಿನವೂ ಬೇಡ ಅನ್ನಲಿಲ್ಲ. ಆದರೂ ಬೆಳಗಾದರೆ ಇನ್ನೊಬ್ಬರ ಬಾಗಿಲಿಗೆ ಹೋಗಿ ನಿಲ್ಲುವುದು ಮನಸ್ಸಿಗೆ ಬಹಳ ಕಷ್ಟ.

ಮೊದಲು ಎಲ್ಲರ ಬೊಟ್ಟು ಹೋಗಿದ್ದು ಬ್ಯಾಟರಿ ಕಡೆಗೆ. ಊರಿನ ಹತ್ತಿರದ ಒಂದು ಬ್ಯಾಟರಿ ಅಂಗಡಿಯಲ್ಲಿ ನೋಡಿದ ಕೂಡಲೇ, "ಬ್ಯಾಟರಿ ಹೋಗೇತ್ರಿ, ಹಳೇದು ಕೊಟ್ಟು ಹೊಸಾದು ತಗೊಂಡು ಹೋಗ್ರಿ" ಅಂದರು. ನಮ್ಮ ಬ್ಯಾಟರಿಯ ವಾರಂಟಿ ಇನ್ನೂ ಮುಗಿದಿರಲಿಲ್ಲ. ಹಾಗಾಗಿ ತಗೊಂಡಿದ್ದ ಅಂಗಡಿಗೇ ಒಯ್ದೆ. ಇಲ್ಲಿ ಒಂದು ಮಾತು. ಬ್ಯಾಟರಿಯ ವಾರಂಟಿ ಕಾರ್ಡಿನಲ್ಲಿ ಅಂಗಡಿ ಸೀಲು, ಮಾರಿದ ತಾರೀಖು, ಬ್ಯಾಟರಿಯ ಸೀರಿಯಲ್ ನಂಬರ್ ಮೂರೂ ಇರಬೇಕು. ಅಮ್ಮ ಅದನ್ನು ಪಹಣಿ, ಪಾಸ್‌ಬುಕ್ ಇಡುವ ಚೀಲದಲ್ಲೇ ಇಟ್ಟಿದ್ದರಿಂದ ತಕ್ಷಣ ಸಿಕ್ಕಿತು. ಕಾರ್ಡಿನ ಫೋಟೋ ಮೊಬೈಲಿನಲ್ಲೂ ಇಟ್ಟುಕೊಳ್ಳಿ, ಅಕ್ಷರ ಬೇಗ ಮಾಸುತ್ತವೆ.

ಅವರು ಒಂದು ರಾತ್ರಿ ಚಾರ್ಜಿಗೆ ಇಟ್ಟುಕೊಂಡು, ಮರುದಿನ ಲೋಡ್ ಟೆಸ್ಟರ್ (ಹೆಚ್ಚು ಕರೆಂಟ್ ಎಳೆದು ಬ್ಯಾಟರಿಯ ತಾಕತ್ತು ನೋಡುವ ಸಾಧನ) ಹಚ್ಚಿ ತೋರಿಸಿದರು. ಬ್ಯಾಟರಿ ಗಟ್ಟಿಯಾಗಿತ್ತು. ಚಾರ್ಜಿಗೆ 100 ರೂಪಾಯಿ ತಗೊಂಡರು, ಅಷ್ಟೇ. ಸುಮ್ನೆ ಹೊಸ ಬ್ಯಾಟರಿ ಹಾಕಿಸಿದ್ದರೆ ಸಾವಿರಾರು ರೂಪಾಯಿ ಹೋಗಿ, ತೊಂದರೆ ಮಾತ್ರ ಹಾಗೇ ಇರುತ್ತಿತ್ತು. ಬ್ಯಾಟರಿ ಬದಲಿಸುವ ಮುಂಚೆ ಲೋಡ್ ಟೆಸ್ಟ್ ಮಾಡಿಸದೆ ಯಾರ ಮಾತನ್ನೂ ಕೇಳಬೇಡಿ.

ಆಮೇಲೆ ರಾಣೆಬೆನ್ನೂರಿನಲ್ಲಿ 450 ರೂಪಾಯಿಗೆ ಒಂದು ಮಲ್ಟಿಮೀಟರ್ ತಂದೆ. ಈ ಇಡೀ ಕೆಲಸದಲ್ಲಿ ನಾನು ಹಾಕಿದ ದುಡ್ಡಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ. ಅಳತೆ ಮಾಡುವುದು ಕಷ್ಟವೇನಲ್ಲ. 20 ವೋಲ್ಟ್ ಡಿಸಿಗೆ ಇಡಬೇಕು. ಸುಮ್ಮನೆ ನಿಂತಿರುವ ತುಂಬಿದ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸಬೇಕು. ಡೀಸೆಲ್ ನಿಲ್ಲಿಸುವ ನಾಬ್ ಎಳೆದು ಹಿಡಿದು, ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡಬೇಕು. ಆಗ ಬ್ಯಾಟರಿಯ ಮೇಲೆ 9.6ಕ್ಕಿಂತ ಕೆಳಗೆ ಇಳಿಯಬಾರದು. ನಮ್ಮದು 10.8 ಇತ್ತು. ಅಂದರೆ ಬ್ಯಾಟರಿಯಲ್ಲಿ ಕರೆಂಟ್ ಇದೆ, ಆದರೆ ಅದು ಮೋಟರಿಗೆ ಮುಟ್ಟುತ್ತಿಲ್ಲ.

ಮುಂದಿನ ಅಳತೆಯೇ ಮುಖ್ಯ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಗೂಟಕ್ಕೆ, ಇನ್ನೊಂದನ್ನು ಎಂಜಿನ್ನಿನ ಮೈಗೆ, ಬಣ್ಣ ಇಲ್ಲದ ಕಬ್ಬಿಣಕ್ಕೆ ಇಟ್ಟು ಸೆಲ್ಫ್ ಹೊಡೆಯಿರಿ. 0.2 ವೋಲ್ಟ್ ಆಸುಪಾಸು ಇರಬೇಕು. ನಮ್ಮದು 1.4 ತೋರಿಸಿತು! ಬ್ಯಾಟರಿ ಮೈನಸ್ಸನ್ನು ಗಾಡಿಯ ಮೈಗೆ ಸೇರಿಸುವ ಅರ್ಥಿಂಗ್ ಪಟ್ಟಿ ಬಿಗಿದಿದ್ದ ಜಾಗದಲ್ಲಿ ಬಣ್ಣ, ತುಕ್ಕು, ವರ್ಷಗಟ್ಟಲೆ ಕೂತ ಎಣ್ಣೆ ಮಣ್ಣು. ಸೆಲ್ಫ್ ಮೋಟರ್ ಎಂಜಿನ್ ತಿರುಗಿಸುವಾಗ 200ರಿಂದ 300 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟ್ ಹರಿಯುವ ದಾರಿಯಲ್ಲಿ ಬರೀ 0.005 ಓಂ ಅಡ್ಡಿ ಇದ್ದರೂ ಒಂದು ಒಂದೂವರೆ ವೋಲ್ಟ್ ಅಲ್ಲೇ ಸತ್ತುಹೋಗುತ್ತದೆ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆ, ಹಾರನ್ ಹೊಡೆಯುತ್ತದೆ, ಆದರೂ ಸೆಲ್ಫ್ ತಗೊಳ್ಳುವುದಿಲ್ಲ ಅಂತ ಬಹಳ ಜನ ತಲೆ ಕೆರೆದುಕೊಳ್ಳುವುದು ಇದಕ್ಕೇ. ಲೈಟಿಗೆ ಬೇಕಾಗಿರುವುದು ಕೆಲವೇ ಆಂಪಿಯರ್, ಅಷ್ಟಕ್ಕೆ ತುಕ್ಕು ಅಡ್ಡ ಬರುವುದಿಲ್ಲ.

ಹಳೆ ಪಟ್ಟಿ ತೆಗೆದೆ. ಹೊಸ ದಪ್ಪ ಕೇಬಲ್ಲಿಗೆ ತಾಮ್ರದ ಲಗ್ ಹೊಡೆಸಿ, ಬ್ಯಾಟರಿ ಮೈನಸ್ಸಿನಿಂದ ನೇರವಾಗಿ ಎಂಜಿನ್ ಬ್ಲಾಕಿಗೆ ಬಿಗಿದೆ. ಕೂರುವ ಜಾಗವನ್ನು ಪಾಲಿಶ್ ಪೇಪರಿನಿಂದ ಬೆಳ್ಳಗೆ ಆಗುವ ತನಕ ಉಜ್ಜಿದೆ. ಕೇಬಲ್, ಲಗ್ ಸೇರಿ 380 ರೂಪಾಯಿ. ಈಗ ಅದೇ ಅಳತೆ 0.15ಕ್ಕೆ ಇಳಿಯಿತು. ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಗಾಡಿ ಸ್ಟಾರ್ಟ್! ಆ ಖುಷಿಯಲ್ಲಿ ಕಲ್ಟಿವೇಟರ್ ಕಟ್ಟಿಕೊಂಡು ಹೊಲಕ್ಕೆ ಹೋದೆ.

ಮಧ್ಯಾಹ್ನ ಬಿಸಿಯಾದ ಮೇಲೆ ಬಂದ್ ಮಾಡಿ ಮತ್ತೆ ಹೊಡೆದೆ. ಈ ಸಲ "ಟಕ್" ಅಲ್ಲ, ಎಂಜಿನ್ ಭಾರವಾಗಿ ಅರ್ಧ ಸುತ್ತು ತಿರುಗಿ ನಿಂತಿತು. ಮೀಟರ್ ಹಿಡಿದರೆ ಬ್ಯಾಟರಿ 9.2ಕ್ಕೆ ಬಿದ್ದಿತ್ತು. ಲೋಡ್ ಟೆಸ್ಟ್ ಪಾಸಾದ ಬ್ಯಾಟರಿ ಇಷ್ಟು ಕುಸಿಯುತ್ತಿದೆ ಅಂದರೆ ಮೋಟರ್ ಮಿತಿಮೀರಿ ಕರೆಂಟ್ ಎಳೆಯುತ್ತಿದೆ, ಒಳಗೆ ಏನೋ ತಿಕ್ಕುತ್ತಿದೆ ಅಂತ ಲೆಕ್ಕ. ಕೀ ತಿರುಗಿಸಿದಾಗ ಮೋಟರಿಗೆ ಕರೆಂಟ್ ಬಿಡುವ ದಪ್ಪ ಸ್ವಿಚ್ಚಿಗೆ ಸೊಲೆನಾಯ್ಡ್ ಅಂತಾರೆ, ಅದರ ಎರಡು ದಪ್ಪ ಬೋಲ್ಟುಗಳ ಮಧ್ಯೆ ಅಳೆದರೂ ಸೆಲ್ಫ್ ಹೊಡೆಯುವಾಗ 0.9 ವೋಲ್ಟ್ ಕಳೆಯುತ್ತಿತ್ತು. ಅಲ್ಲಿ ಹೆಚ್ಚು ಕಡಿಮೆ ಏನೂ ಕಳೆಯಬಾರದು. ಈಗ ಖಾತ್ರಿ ಆಯಿತು, ಮೋಟರ್ ಇಳಿಸಲೇಬೇಕು. ಅಷ್ಟೊತ್ತಿಗೆ ಕೃತ್ತಿಕೆ ಮಳೆ ಮುಗಿಯುತ್ತಾ ಬಂದಿತ್ತು. ರೋಹಿಣಿಗೆ ಹದ ಬಂದರೆ ಹೊಲ ತಯಾರಿರಬೇಕು. ರಾತ್ರಿ ನಿದ್ದೆ ಹತ್ತಲಿಲ್ಲ.

ಮಲ್ಟಿಮೀಟರ್ ಇಲ್ಲದವರಿಗೆ ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ಕತ್ತಲಲ್ಲಿ ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಮೋಟರ್ ಬಿಗಿಹಿಡಿದಿದೆ, ಇಲ್ಲವೇ ಬ್ಯಾಟರಿ ಟರ್ಮಿನಲ್ ಸಡಿಲ ಇದೆ. ಲೈಟ್ ಹಾಗೇ ಇದ್ದು ಬರೀ "ಟಕ್" ಅಂದರೆ ಸೊಲೆನಾಯ್ಡ್ ಒಳಗಿನ ತಾಮ್ರದ ಬಿಲ್ಲೆ ಸುಟ್ಟಿದೆ, ಇಲ್ಲವೇ ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡುಗಳು ಮುಟ್ಟುತ್ತಿಲ್ಲ. ಶಬ್ದವೇ ಇಲ್ಲ ಅಂದರೆ ಕೀ ಸ್ವಿಚ್, ಸಣ್ಣ ವೈರ್, ಅಥವಾ ಸೇಫ್ಟಿ ಸ್ವಿಚ್ ನೋಡಿ. ಮ್ಯಾಸಿಯಲ್ಲಿ ಹೈ-ಲೋ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಸೆಲ್ಫ್ ತಗೊಳ್ಳುವ ಹಾಗೆ ಈ ಸ್ವಿಚ್ ಇರುತ್ತದೆ. ಬಹಳ ಹಳೇ ಗಾಡಿಗಳಲ್ಲಿ ಅದು ಕೆಟ್ಟಾಗ ಎರಡು ವೈರ್ ಸೇರಿಸಿ ಟೇಪ್ ಸುತ್ತಿ ಬಿಟ್ಟಿರುತ್ತಾರೆ. ಹಾಗೆ ಮಾಡಿಸಬೇಡಿ, ಮಾಡಿಸಿದ್ದರೆ ಸರಿ ಮಾಡಿಸಿ. ಇನ್ನು ಕೆಳಗೆ ನಿಂತು ಸೊಲೆನಾಯ್ಡಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವ ಚಾಳಿ ನಮ್ಮ ಕಡೆ ಬಹಳ ಇದೆ. ಕೈ ಮುಗಿದು ಬೇಡಿಕೊಳ್ಳುತ್ತೇನೆ, ಅದನ್ನು ಬಿಡಿ. ಗಾಡಿ ಗೇರಿನಲ್ಲಿದ್ದರೆ ಸ್ಟಾರ್ಟ್ ಆದ ಕೂಡಲೇ ಮುಂದೆ ಹೋಗುತ್ತದೆ, ಹಿಂದಿನ ದೊಡ್ಡ ಗಾಲಿ ನಿಮ್ಮ ಮೇಲೆಯೇ ಹತ್ತುತ್ತದೆ. ಓಡಲು ಸಮಯವೇ ಸಿಗುವುದಿಲ್ಲ.

ಮೋಟರ್ ಇಳಿಸುವ ಕೆಲಸ ಮನೆಯಲ್ಲೇ ಮಾಡಿದೆವು, ನಾನು ಮತ್ತು ಚಿಕ್ಕಪ್ಪನ ಮಗ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಬೇಕು, ಆಮೇಲೆ ಪ್ಲಸ್. ಉಲ್ಟಾ ಮಾಡಿದರೆ ಪಾನ ಮೈಗೆ ತಾಗಿ ಕಿಡಿ ಹಾರುತ್ತದೆ. ವೈರ್ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಎರಡು ಮೂರು ಕಡೆಯಿಂದ ಫೋಟೋ ತೆಗೆದುಕೊಂಡೆವು. ನಮ್ಮ ಗಾಡಿಯ ಬೋಲ್ಟುಗಳು ಇಂಚಿನ ಅಳತೆಯವು. ಮಿಲಿಮೀಟರ್ ಪಾನ ಹಾಕಿದರೆ ಸ್ವಲ್ಪ ಸಡಿಲ ಕೂತು ಬೋಲ್ಟಿನ ತಲೆ ಸವೆಯುತ್ತದೆ. ಹೊರಗಿನ ಬೋಲ್ಟುಗಳು ಸುಲಭವಾಗಿ ಬಂದವು. ಒಳಗಡೆ ಎಂಜಿನ್ ಮೈಗೆ ಅಂಟಿಕೊಂಡಂತಿರುವ ಬೋಲ್ಟು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ರಿಂಗ್ ಪಾನ ಹಾಕಿ ಸುತ್ತಿಗೆಯಿಂದ ಸಣ್ಣಗೆ ತಟ್ಟುತ್ತಾ ತಟ್ಟುತ್ತಾ ಬಿಡಿಸಿದೆವು. ಅವಸರ ಮಾಡಿ ಪೈಪ್ ಹಾಕಿ ಎಳೆದರೆ ಬೋಲ್ಟ್ ಮುರಿಯುತ್ತದೆ, ಆಮೇಲೆ ಅದಕ್ಕೆ ಬೇರೆ ಖರ್ಚು. ಕೊನೇ ಬೋಲ್ಟ್ ಬರುವಾಗ ಮೋಟರಿಗೆ ಕೆಳಗಿನಿಂದ ಕೈ ಕೊಟ್ಟಿರಬೇಕು. ಬಹಳ ಭಾರ ಇರುತ್ತದೆ, ಬೆರಳು ಜೋಪಾನ.

ಮೊದಲು ಒಯ್ದ ಅಂಗಡಿಯಲ್ಲಿ ಮೋಟರ್ ಬಿಚ್ಚದೆಯೇ, "ಆರ್ಮೇಚರ್ ಸುಟ್ಟೈತ್ರಿ, ಇದನ್ನ ಕೊಟ್ಟು ಬೇರೆ ತಗೊಂಡು ಹೋಗ್ರಿ" ಅಂದರು. ಆರ್ಮೇಚರ್ ಅಂದರೆ ಮೋಟರಿನೊಳಗೆ ತಿರುಗುವ, ತಾಮ್ರ ಸುತ್ತಿದ ಭಾಗ. ಎಕ್ಸ್‌ಚೇಂಜ್ ರೇಟು 4,500. ಕೊಡುವ ಮೋಟರ್ ಮೇಲೆ ಕಂಪನಿ ಹೆಸರಿಲ್ಲ, ಹೊಸದಾಗಿ ಕಪ್ಪು ಬಣ್ಣ ಬಳಿದಿತ್ತು. ಬಿಲ್ ಕೇಳಿದರೆ ಬಿಳಿ ಚೀಟಿಯಲ್ಲಿ ಬರೆದು ಕೊಡುತ್ತೇವೆ ಅಂದರು. ನಮ್ಮದು ಗಾಡಿಯ ಜೊತೆ ಬಂದ ಒರಿಜಿನಲ್ ಲೂಕಾಸ್ ಟಿವಿಎಸ್ ಮೋಟರ್. ಅದರ ಕೇಸಿಂಗ್, ಆರ್ಮೇಚರ್, ಅದರ ಸುತ್ತ ಕೂತಿರುವ ಫೀಲ್ಡ್ ಕಾಯಿಲ್ ಚೆನ್ನಾಗಿದ್ದರೆ ಅದಕ್ಕೆ ಬೆಲೆ ಇದೆ. ಅದನ್ನು ಕೊಟ್ಟು ಒಳಗೆ ಏನಿದೆ ಅಂತ ಗೊತ್ತಿಲ್ಲದ್ದನ್ನು ತರಲು ಮನಸ್ಸು ಒಪ್ಪಲಿಲ್ಲ. ಹೊಸ ಒರಿಜಿನಲ್ ಮೋಟರ್ ವಿಚಾರಿಸಿದೆ, 9,000ದ ಹತ್ತಿರ ಹೇಳಿದರು.

ಕೊನೆಗೆ ಕಾಕಾನೇ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕರೆದುಕೊಂಡು ಹೋದ. ಎಲ್ಲರೂ ಅವರನ್ನು ಚಾಚಾ ಅಂತಾರೆ. ಅಂಗಡಿ ನೆಲದ ತುಂಬ ಸೆಲ್ಫ್ ಮೋಟರ್, ಡೈನಮೋ. ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಊರಿನ ಹೆಸರು. ಮುಂಗಾರಿನ ಮುಂಚೆ ಸುತ್ತಲಿನ ಊರಿನ ಗಾಡಿಗಳೆಲ್ಲ ಅಲ್ಲಿಗೇ ಬರುತ್ತವೆ. "ಪಾಳಿ ಐತಿ ತಮ್ಮಾ, ಅವಸರ ಮಾಡಬ್ಯಾಡ" ಅಂದರು. ಕಾಯದೆ ಬೇರೆ ದಾರಿ ಇರಲಿಲ್ಲ. ಸಾಧ್ಯವಿದ್ದವರು ಈ ಕೆಲಸವನ್ನು ಸುಗ್ಗಿ ಮುಗಿದ ಮೇಲೆ, ಯುಗಾದಿಗೆ ಮುಂಚೆಯೇ ಮಾಡಿಸಿಬಿಡಿ. ಮೇ ತಿಂಗಳಲ್ಲಿ ಎಲ್ಲಾ ಕಡೆ ಪಾಳಿ.

ನಾನು ಕೇಳಿಕೊಂಡಿದ್ದು ಒಂದೇ: ಬಿಚ್ಚುವಾಗ ನನ್ನ ಎದುರಿಗೆ ಬಿಚ್ಚಿ. ಚಾಚಾ ಸಂತೋಷದಿಂದ ಒಪ್ಪಿದರು. ನಮ್ಮ ಪಾಳಿ ಬಂದ ದಿನ ಒಂದು ಸ್ಟೂಲ್ ಹಾಕಿ ಪಕ್ಕದಲ್ಲೇ ಕೂರಿಸಿಕೊಂಡರು. ಅವತ್ತು ಕಲಿತಷ್ಟು ನಾನು ಬೇರೆಲ್ಲೂ ಕಲಿತಿಲ್ಲ.

ಮೊದಲು ಮೋಟರನ್ನು ವೈಸಿಗೆ ಕಚ್ಚಿಸಿ ಬ್ಯಾಟರಿ ಕೊಟ್ಟು ತಿರುಗಿಸಿದರು. ತಿರುಗಿತು, ಆದರೆ ಗರಗರ ಶಬ್ದ. "ಕೇಳಿದೇನು? ಒಳಗ ಹಾಯಾಕತ್ತೈತಿ" ಅಂದರು. ಬಿಚ್ಚಿ ನೋಡಿದರೆ ಆರ್ಮೇಚರಿನ ಮೈಮೇಲೆ ಒಂದು ಕಡೆ ಬೆಳ್ಳಿಯ ಹಾಗೆ ಹೊಳೆಯುವ ಗೀರುಗಳು. ಶಾಫ್ಟ್ ಕೂತು ತಿರುಗುವ ಎರಡೂ ತುದಿಯ ಬುಷ್ (ಕಂಚಿನ ಬಳೆ) ಸವೆದು, ಆರ್ಮೇಚರ್ ಕೆಳಗೆ ಇಳಿದು, ಒಳಗಿನ ಪೋಲ್ ಕಬ್ಬಿಣಕ್ಕೆ ತಾಗಿ ತಿರುಗುತ್ತಿತ್ತು. ಎಂಜಿನ್ ತಿರುಗಿಸಬೇಕಾದ ಶಕ್ತಿಯೆಲ್ಲ ತಿಕ್ಕಾಟಕ್ಕೇ ಹೋಗುತ್ತಿತ್ತು. ಬಿಸಿಯಾದಾಗ ಯಾಕೆ ಹೆಚ್ಚು ತೊಂದರೆ ಅಂತ ಕೇಳಿದೆ. ಬಿಸಿಗೆ ತಾಮ್ರದ ಅಡ್ಡಿ ಜಾಸ್ತಿ ಆಗುತ್ತದೆ, ಪ್ರತಿ ಡಿಗ್ರಿಗೆ ಶೇಕಡ 0.4ರಷ್ಟು. ಎಂಜಿನ್ ಪಕ್ಕದಲ್ಲಿ ಕೂತ ಮೋಟರ್ 60 ಡಿಗ್ರಿ ಹೆಚ್ಚು ಕಾದರೆ ಹೆಚ್ಚುಕಡಿಮೆ ಕಾಲು ಭಾಗ ಅಡ್ಡಿ ಹೆಚ್ಚುತ್ತದೆ. ಚಾಚಾ ಇದನ್ನು ಅಂಕಿ ಇಲ್ಲದೆ ಹೇಳಿದರು: "ಬಿಸಿ ಆದ್ರ ಮೋಟರಿಗೆ ದಮ್ ಇರಂಗಿಲ್ಲ, ಅದರಾಗ ತಿಕ್ಕೋದು ಬ್ಯಾರೆ."

ಆಮೇಲೆ ಆರ್ಮೇಚರ್ ಪರೀಕ್ಷೆ. ಸೀರೀಸ್ ಬಲ್ಬಿನ ಒಂದು ವೈರನ್ನು ಕಮ್ಯುಟೇಟರಿಗೆ (ಕಾರ್ಬನ್ ತಾಗುವ ತಾಮ್ರದ ಪಟ್ಟಿಗಳ ಭಾಗ), ಇನ್ನೊಂದನ್ನು ಶಾಫ್ಟಿಗೆ ಮುಟ್ಟಿಸಿದರು. ಬಲ್ಬ್ ಹತ್ತಲಿಲ್ಲ. ಹತ್ತಿದ್ದರೆ ವೈಂಡಿಂಗ್ ಮೈಗೆ ತಾಗಿದೆ ಅಂತ ಅರ್ಥ. ಆಮೇಲೆ ಗ್ರೌಲರ್ ಅನ್ನುವ, ಕರೆಂಟಿನಿಂದ ಅಯಸ್ಕಾಂತ ಆಗುವ ಪರೀಕ್ಷೆ ಸಾಧನದ ಮೇಲೆ ಇಟ್ಟು, ಮೇಲೆ ಹ್ಯಾಕ್ಸಾ ಬ್ಲೇಡ್ ಹಿಡಿದು ನಿಧಾನಕ್ಕೆ ತಿರುಗಿಸಿದರು. ಸುತ್ತುಗಳು ಒಂದಕ್ಕೊಂದು ಶಾರ್ಟ್ ಆಗಿದ್ದರೆ ಆ ಜಾಗದಲ್ಲಿ ಬ್ಲೇಡ್ ಝರ್ರ್ ಅಂತ ನಡುಗುತ್ತದೆ. ನಮ್ಮದರಲ್ಲಿ ಎಲ್ಲೂ ನಡುಗಲಿಲ್ಲ. "ತಮ್ಮಾ, ಕಂಪನಿ ಮಾಲು ಇದು. ಆರ್ಮೇಚರ್ ಚಲೋ ಐತಿ, ಕಾಯಿಲ್ ಚಲೋ ಐತಿ. ಬುಷ್, ಕಾರ್ಬನ್ ಹಾಕಿದ್ರ ಇನ್ನೂ ಹತ್ತು ವರ್ಷ ನಡೀತೈತಿ." ಬಿಚ್ಚದೆಯೇ ಸುಟ್ಟಿದೆ ಅಂದಿದ್ದರಲ್ಲ, ಅದೇ ಆರ್ಮೇಚರ್ ಇದು! ಅಲ್ಲಿ ಕೊಟ್ಟು ಬಂದಿದ್ದರೆ ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಿಮ್ಮ ಮೋಟರನ್ನೂ ಬಲ್ಬ್, ಗ್ರೌಲರ್ ಎರಡೂ ಪರೀಕ್ಷೆ ಮಾಡಿಸಿ, ಕಣ್ಣಾರೆ ನೋಡಿ. ಆಮೇಲೆ ಹೊಸದೋ ಹಳೆಯದೋ ಅಂತ ತೀರ್ಮಾನ ಮಾಡಿ.

ಬದಲಾದ ಸಾಮಾನು ಇಷ್ಟು. ಬುಷ್ ಸೆಟ್ 240 ರೂಪಾಯಿ. ನಾಲ್ಕು ಕಾರ್ಬನ್ 320. ಹಳೆಯವು ಅರ್ಧಕ್ಕಿಂತ ಹೆಚ್ಚು ಸವೆದು, ಒಂದು ತನ್ನ ಮನೆಯಲ್ಲೇ ಸಿಕ್ಕಿಹಾಕಿಕೊಂಡಿತ್ತು. ಮುಂದೆ ಸರಿದು ಎಂಜಿನ್ನಿಗೆ ಕಚ್ಚಿ ತಿರುಗಿಸುವ ಸಣ್ಣ ಗೇರ್, ಅಂದರೆ ಬೆಂಡಿಕ್ಸಿನ ಹಲ್ಲುಗಳ ಮೂಲೆ ಮುರಿದಿದ್ದರಿಂದ ಅದೂ ಹೊಸದು, 1,100. ಹೊಸ ಬೆಂಡಿಕ್ಸ್ ತಗೊಳ್ಳುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ಹಲ್ಲು ಎಣಿಸಿ, ಉದ್ದ ನೋಡಿ, ಯಾವ ಕಡೆಗೆ ಬಿಗಿ ಯಾವ ಕಡೆಗೆ ಸಡಿಲ ತಿರುಗುತ್ತದೆ ಅಂತಲೂ ನೋಡಿ. ಕಮ್ಯುಟೇಟರ್ ಗುಂಡಗಿರಲಿಲ್ಲ, ಲೇತಿನಲ್ಲಿ ಸಣ್ಣಗೆ ಒಂದು ಪದರ ತೆಗೆಸಬೇಕಿತ್ತು. ಲೇತಿಗೆ ಹೋದರೆ ಕರೆಂಟ್ ಇಲ್ಲ. ಸಂಜೆವರೆಗೂ ಅಲ್ಲೇ ಕಟ್ಟೆ ಮೇಲೆ ಕೂತು ಕಾದು ಮಾಡಿಸಿಕೊಂಡು ಬಂದೆ. 150 ರೂಪಾಯಿ.

ಬುಷ್ ವಿಷಯದಲ್ಲಿ ಚಾಚಾ ಬಹಳ ಶಿಸ್ತು. ಕಂಚಿನ ಬುಷ್ ತಂದ ಹಾಗೇ ಬಡಿದು ಕೂರಿಸುವುದಲ್ಲ. ಎಂಜಿನ್ ಆಯಿಲ್‌ನಲ್ಲಿ ಒಂದು ರಾತ್ರಿ ಮುಳುಗಿಸಿ ಇಡಬೇಕು. ಅದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಅವು ಎಣ್ಣೆ ಕುಡಿದು ಆಮೇಲೆ ವರ್ಷಗಟ್ಟಲೆ ಶಾಫ್ಟಿಗೆ ಕೊಡುತ್ತವೆ. ಒಣಗಿದ ಬುಷ್ ಹಾಕಿದರೆ ಬೇಗ ತಿಂದುಹೋಗುತ್ತದೆ. ಇನ್ನು ಬೆಂಡಿಕ್ಸನ್ನು ಪೆಟ್ರೋಲ್, ಡೀಸೆಲ್‌ನಲ್ಲಿ ಅದ್ದಿ ತೊಳೆಯಬಾರದು, ಒಳಗಿನ ಗ್ರೀಸ್ ತೊಳೆದು ಹೋಗುತ್ತದೆ. ಬಟ್ಟೆಯಿಂದ ಒರೆಸಿದರೆ ಸಾಕು. ಶಾಫ್ಟಿಗೆ ಗ್ರೀಸ್ ಬಳಿದು ತುಂಬಬಾರದು, ಕ್ಲಚ್ಚಿನ ಧೂಳು ಅಂಟಿಕೊಂಡು ಬೆಂಡಿಕ್ಸ್ ಮುಂದೆ ಹೋಗುವುದೇ ಇಲ್ಲ. ಕಾರ್ಬನ್ ಬೆಸುಗೆ ಹಾಕುವಾಗ ಅದರ ಜಡೆಯಂಥ ತಾಮ್ರದ ವೈರಿನೊಳಗೆ ಸೀಸ ಹರಿಯದ ಹಾಗೆ ಇಕ್ಕಳದಿಂದ ಹಿಡಿದಿದ್ದರು. ಹರಿದರೆ ವೈರ್ ಕಡ್ಡಿಯಂತೆ ಗಟ್ಟಿಯಾಗಿ ಕಾರ್ಬನ್ ಸಲೀಸಾಗಿ ಆಡುವುದಿಲ್ಲ.

ಸೊಲೆನಾಯ್ಡ್ ಮಾತ್ರ ಬಹಳ ಸತಾಯಿಸಿತು. ಬಿಚ್ಚಿದಾಗ ಒಳಗಿನ ತಾಮ್ರದ ಬಿಲ್ಲೆ, ಬೋಲ್ಟಿನ ತಲೆ ಎರಡೂ ಸುಟ್ಟು ಕುಳಿ ಬಿದ್ದಿದ್ದವು. ಬಿಲ್ಲೆ ತಿರುವಿ ಹಾಕಿ ಇನ್ನಷ್ಟು ದಿನ ನಡೆಸಬಹುದಿತ್ತು, ಆದರೆ ಇದನ್ನು ಹಿಂದೆ ಯಾವಾಗಲೋ ಒಮ್ಮೆ ತಿರುವಿ ಆಗಿತ್ತು. ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಗಾಡಿಯ ಹೆಸರು ಹೇಳಿ ತಂದೆ. ಕೂರಿಸಲು ಹೋದರೆ ಬೋಲ್ಟಿನ ತೂತು ಸರಿ, ಪ್ಲಂಜರಿನ ಕೊಕ್ಕೆ ಬೇರೆ. ಲಿವರಿಗೆ ಸಿಗುತ್ತಲೇ ಇಲ್ಲ. ವಾಪಸ್ ಒಯ್ದರೆ, "ಎಲೆಕ್ಟ್ರಿಕಲ್ ಸಾಮಾನು ವಾಪಸ್ ತಗೊಳ್ಳಂಗಿಲ್ರಿ" ಅಂತ ಬಿಲ್ಲಿನ ಮೇಲೆ ಅಚ್ಚಾಗಿದ್ದ ಸಾಲು ತೋರಿಸಿದರು. ಅಲ್ಲೇ ನಿಂತು, ಹಳೆಯದನ್ನೂ ಹೊಸದನ್ನೂ ಕೌಂಟರ್ ಮೇಲೆ ಇಟ್ಟು, ಇದಕ್ಕೆ ಕರೆಂಟ್ ಕೊಟ್ಟೇ ಇಲ್ಲ ಅಂತ ಟರ್ಮಿನಲ್ ತೋರಿಸಿ ಬಹಳ ಹೊತ್ತು ಮಾತಾಡಿದ ಮೇಲೆ ಬದಲಿಸಿ ಕೊಡಲು ಒಪ್ಪಿದರು. ಆದರೆ ಸರಿಯಾದದ್ದು ಹುಬ್ಬಳ್ಳಿಯಿಂದ ಬರಬೇಕು. ಮಧ್ಯೆ ಭಾನುವಾರ ಬಂತು. ಮೋಟರಿನ ಮೇಲಿರುವ ತಗಡಿನ ನಂಬರ್, ಎಂಜಿನ್ ನಂಬರ್, ಚಾಸಿ ನಂಬರ್ ಮೂರರ ಫೋಟೋ ಇಟ್ಟುಕೊಂಡು, ಸಾಧ್ಯವಾದರೆ ಹಳೇ ಸಾಮಾನನ್ನೇ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗಿ. ಬರೀ "ಮ್ಯಾಸಿದು ಕೊಡ್ರಿ" ಅಂದರೆ ಸಾಲದು. ಜಿಎಸ್‌ಟಿ ಬಿಲ್ ಕೇಳಿ ತಗೊಳ್ಳಿ, ಅದರಲ್ಲಿ ಪಾರ್ಟ್ ನಂಬರ್ ಇರಲಿ. ಬಿಲ್ ಇದ್ದುದಕ್ಕೇ ನನ್ನ ಮಾತು ನಡೆಯಿತು. ಸೊಲೆನಾಯ್ಡ್ ಬೆಲೆ 1,350.

ಇಷ್ಟರಲ್ಲಿ ರೋಹಿಣಿ ಮಳೆ ಬಿತ್ತು. ಒಳ್ಳೆ ಮಳೆ. ಊರಿಗೆ ಊರೇ ಖುಷಿಯಲ್ಲಿದ್ದರೆ ನಮ್ಮ ಮನೆಯಲ್ಲಿ ಎಲ್ಲರ ಮುಖ ಬಾಡಿತ್ತು. "ಹದ ತಪ್ಪಿಸಬ್ಯಾಡಪ್ಪಾ, ಬಾಡಗಿಗಾದ್ರೂ ಹೊಡಸು" ಅಂತ ಅಮ್ಮ ಹೇಳಿದರು. ಅಂಗಳದಲ್ಲಿ ಸ್ವಂತ ಟ್ರ್ಯಾಕ್ಟರ್ ನಿಂತಿರುವಾಗ ಗಂಟೆಗೆ 1,200 ಕೊಟ್ಟು ಬೇರೆಯವರ ರೋಟವೇಟರ್ ಹೊಡೆಸಿದೆ. ಎರಡು ಎಕರೆಗೆ 3,600 ರೂಪಾಯಿ ಆಯಿತು. ಸೆಲ್ಫ್ ರಿಪೇರಿಯಷ್ಟೇ ಹತ್ತಿರದ ದುಡ್ಡು! ಉಳಿದ ಹೊಲ ಕಾಯಲಿ ಅಂತ ಬಿಟ್ಟೆ.

ಸಾಮಾನೆಲ್ಲ ಸೇರಿದ ದಿನ ಚಾಚಾ ಜೋಡಿಸಿ, ವೈಸಿನಲ್ಲಿ ಇಟ್ಟು ಮತ್ತೆ ತಿರುಗಿಸಿದರು. ಈಗ ಗರಗರ ಇಲ್ಲ, ಒಂದೇ ಸಮನೆ ಶಿಳ್ಳೆಯಂಥ ಸದ್ದು. ಕೈಗೂಲಿ 900. ಮುರಿದ ಬೆಂಡಿಕ್ಸ್ ಹಲ್ಲು ತೋರಿಸಿ ಅವರು ಒಂದು ಪ್ರಶ್ನೆ ಕೇಳಿದರು: "ರಿಂಗ್ ಗೇರ್ ನೋಡೀಯೇನು?" ನೋಡಿರಲಿಲ್ಲ, ಯಾರೂ ಹೇಳಿರಲೂ ಇಲ್ಲ. ರಿಂಗ್ ಗೇರ್ ಅಂದರೆ ಎಂಜಿನ್ನಿನ ಭಾರದ ಗಾಲಿ, ಅಂದರೆ ಫ್ಲೈವೀಲ್ ಸುತ್ತ ಇರುವ ಹಲ್ಲಿನ ಬಳೆ, ಬೆಂಡಿಕ್ಸ್ ಕಚ್ಚುವುದು ಅದಕ್ಕೇ. ಮೋಟರ್ ಕೂರಿಸುವ ಮುಂಚೆ ಆ ತೂತಿನಲ್ಲಿ ಟಾರ್ಚ್ ಬಿಟ್ಟು, ಎಂಜಿನ್ ನಿಧಾನಕ್ಕೆ ತಿರುಗಿಸುತ್ತಾ ಎಲ್ಲಾ ಹಲ್ಲು ನೋಡು ಅಂದರು. ಡೀಸೆಲ್ ನಾಬ್ ಎಳೆದು, ಬ್ಯಾಟರಿ ಬಿಚ್ಚಿದ್ದಾಗಲೇ ಈ ಕೆಲಸ ಮಾಡಿ.

ನೋಡಿದರೆ ರಿಂಗ್ ಗೇರಿನಲ್ಲಿ ಸರಿಯಾಗಿ ಮೂರು ಕಡೆ ಹಲ್ಲು ಸವೆದಿತ್ತು. ಉಳಿದ ಕಡೆ ಚೆನ್ನಾಗಿದೆ. ಇದಕ್ಕೊಂದು ಕಾರಣ ಇದೆ. ಎಂಜಿನ್ ಬಂದ್ ಮಾಡಿದಾಗ ಅದು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಯಾವುದಾದರೂ ಒಂದು ಸಿಲಿಂಡರ್ ಕಂಪ್ರೆಶನ್‌ಗೆ ಬರುವಾಗ ಆ ಒತ್ತಡಕ್ಕೆ ತಡೆದು ನಿಲ್ಲುತ್ತದೆ. ಮೂರು ಸಿಲಿಂಡರ್ ಇದ್ದರೆ ಫ್ಲೈವೀಲ್ ಮೇಲೆ ಅಂಥ ಜಾಗ ಮೂರು, ನಾಲ್ಕು ಸಿಲಿಂಡರ್ ಇದ್ದರೆ ಎರಡು. ಪ್ರತಿ ಸಲ ಬೆಂಡಿಕ್ಸ್ ಬಂದು ಹೊಡೆಯುವುದು ಅದೇ ಹಲ್ಲುಗಳಿಗೆ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಹೊಡೆಸಿಕೊಂಡರೆ ಸವೆಯದೆ ಏನಾಗುತ್ತದೆ? ರಿಂಗ್ ಗೇರ್ ಬದಲಿಸಬೇಕೆಂದರೆ ಗಾಡಿಯನ್ನು ಮಧ್ಯಕ್ಕೆ ಬಿಡಿಸಿ ಎಂಜಿನ್ ಬೇರೆ ಮಾಡಬೇಕು, ಕ್ಲಚ್ ಇಳಿಸಬೇಕು. ಹದದ ಮಧ್ಯೆ ಅದು ಆಗದ ಮಾತು. ಹಲ್ಲು ಸವೆದಿದ್ದರೂ ಕಚ್ಚುವಷ್ಟು ಉಳಿದಿವೆ ಅಂತ ಫೋಟೋ ನೋಡಿ ಚಾಚಾ ಹೇಳಿದ ಮೇಲೆ ಮೋಟರ್ ಕೂರಿಸಿದೆವು. ಮೋಟರ್ ಕೂರುವ ಮುಖವನ್ನೂ ಉಜ್ಜಿ ಬೆಳ್ಳಗೆ ಮಾಡಿದೆ, ಯಾಕೆಂದರೆ ಮೋಟರಿಗೆ ಅರ್ಥ್ ಸಿಗುವುದು ಅಲ್ಲಿಂದಲೇ. ಪ್ಲಸ್ ಮೊದಲು, ಮೈನಸ್ ಕೊನೆಗೆ.

ಕೀ ತಿರುಗಿಸಿದೆ. ಒಂದು ಸುತ್ತು ಪೂರ್ತಿ ಆಗುವ ಮುಂಚೆಯೇ ಹತ್ತಿಕೊಂಡಿತು. ಅಪ್ಪ ಜಗಲಿಯಿಂದ ಎದ್ದು ಬಂದು, ಬಂದ್ ಮಾಡಿಸಿ, ತಾವೇ ಹತ್ತಿ ಕೂತು ಇನ್ನೊಮ್ಮೆ ಸ್ಟಾರ್ಟ್ ಮಾಡಿದರು. ಏನೂ ಮಾತಾಡಲಿಲ್ಲ, ಸ್ಟೀರಿಂಗ್ ತಟ್ಟಿ ಇಳಿದರು. ಮಧ್ಯಾಹ್ನ ಚೆನ್ನಾಗಿ ಕಾಯಿಸಿ, ಬಂದ್ ಮಾಡಿ, ಮತ್ತೆ ಮತ್ತೆ ಹೊಡೆದು ನೋಡಿದೆ. ಬಿಸಿಯಲ್ಲೂ ಬ್ಯಾಟರಿ 10.6ಕ್ಕಿಂತ ಕೆಳಗೆ ಇಳಿಯಲಿಲ್ಲ. ಉಳಿದ ಹೊಲ ಅದೇ ವಾರ ಹೊಡೆದು ಮೆಕ್ಕೆಜೋಳ ಹಾಕಿದೆವು. ಈಗ ಊಟಕ್ಕೆ ಕೂತಾಗ ಎಂಜಿನ್ ಬಂದ್ ಇರುತ್ತದೆ.

ಲೆಕ್ಕ ಹೇಳುವುದಾದರೆ ಮೋಟರಿಗೆ ಸಾಮಾನು, ಲೇತು, ಕೂಲಿ ಸೇರಿ 4,060 ರೂಪಾಯಿ. ಅರ್ಥಿಂಗ್ ಕೇಬಲ್, ಮಲ್ಟಿಮೀಟರ್, ಬ್ಯಾಟರಿ ಚಾರ್ಜ್ ಎಲ್ಲಾ ಸೇರಿಸಿದರೆ 4,990. ಓಡಾಟದ ಪೆಟ್ರೋಲ್, ಬಾಡಿಗೆ ರೋಟವೇಟರ್ ಇದರಲ್ಲಿ ಬಂದಿಲ್ಲ. ನಿಮ್ಮ ಕಡೆ ರೇಟು ಸ್ವಲ್ಪ ಆಚೀಚೆ ಇರಬಹುದು. ಆರ್ಮೇಚರ್ ನಿಜವಾಗಿಯೂ ಸುಟ್ಟಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಆಗ ದುಡ್ಡು ಹೊಂದಿಸಿ ಒರಿಜಿನಲ್ ಹೊಸ ಮೋಟರ್ ತಗೊಳ್ಳುವುದೇ ಒಳ್ಳೆಯದು.

ಬಳಸುವಾಗ ಈಗ ಎರಡು ಎಚ್ಚರ ಇಟ್ಟುಕೊಂಡಿದ್ದೇನೆ. ಒಂದೇ ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯುವುದಿಲ್ಲ, ಹತ್ತದಿದ್ದರೆ ಒಂದು ನಿಮಿಷ ಬಿಟ್ಟು ಹೊಡೆಯುತ್ತೇನೆ. ಒಳಗಿನ ತಾಮ್ರ ಕಾಯುವುದು ಹೊರಗೆ ಗೊತ್ತಾಗುವುದಿಲ್ಲ. ಇನ್ನು ಅಪರೂಪಕ್ಕೆ ಸವೆದ ಹಲ್ಲಿನ ಜಾಗಕ್ಕೆ ನಿಂತಾಗ "ಕರ್ರ್" ಅನ್ನುತ್ತದೆ. ಆಗ ಮತ್ತೆ ಮತ್ತೆ ಹೊಡೆಯದೆ, ಕೀ ತೆಗೆದು, ಡೀಸೆಲ್ ನಾಬ್ ಎಳೆದಿಟ್ಟು, ಮೇಲಿನ ಗೇರ್ ಹಾಕಿ ಗಾಡಿಯನ್ನು ಒಂದು ಗೇಣು ತಳ್ಳಿಸುತ್ತೇನೆ. ಎಂಜಿನ್ ಸ್ವಲ್ಪ ಸರಿದು ಬೇರೆ ಹಲ್ಲು ಎದುರಿಗೆ ಬರುತ್ತದೆ. ಆಮೇಲೆ ನ್ಯೂಟ್ರಲ್ ಮಾಡಿ ಹೊಡೆದರೆ ಸಲೀಸಾಗಿ ತಗೊಳ್ಳುತ್ತದೆ.

ಕ್ಲಚ್ ಪ್ಲೇಟ್ ಇನ್ನೊಂದು ವರ್ಷ ಬರಬಹುದು. ಅದಕ್ಕೆ ಗಾಡಿ ಬಿಡಿಸುವಾಗಲೇ ರಿಂಗ್ ಗೇರನ್ನೂ ಮಾಡಿಸುವುದು ಅಂತ ಇದ್ದೇನೆ, ಎರಡಕ್ಕೂ ಬಿಡಿಸುವ ಕೂಲಿ ಒಂದೇ ಆಗುತ್ತದೆ. ನಿಮ್ಮ ಗಾಡಿ ಈಗ ಕ್ಲಚ್ಚಿಗೆ ಬಿಚ್ಚಿದ್ದರೆ ಜೋಡಿಸುವ ಮುಂಚೆ ರಿಂಗ್ ಗೇರಿನ ಹಲ್ಲು ಒಮ್ಮೆ ನೋಡಿಸಿ.